ಮನೆಗೆ ಬಿಸಿಲೆಷ್ಟು, ಬೆಂಕಿಯೆಷ್ಟು?

ಬೆಂಗಳೂರಿನ ಯಶವಂತಪುರದಿಂದ ಮಲ್ಲೇಶ್ವರದ ಕಡೆಗೆ ಬರುವ ಹಾದಿಯಲ್ಲಿ ಎಡಗಡೆಗೆ ದೊಡ್ಡದೊಂದು ಮರಗಳ ಸಮೂಹ ಕಾಣಿಸುತ್ತದೆ. ಅದರ ಒಳಗಿರುವುದೇ ಭಾರತೀಯ ವಿಜ್ಞಾನ ಸಂಸ್ಥೆ. ಊರಿನ ಹಳಬರ ಬಾಯಲ್ಲಿ ಅದು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. 1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ದಾನವಾಗಿ ಕೊಟ್ಟಿತು; 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಕಟ್ಟಡಕ್ಕೆ ಅಸ್ತಿಭಾರವನ್ನಿಟ್ಟರು. ವಿಮಾನ, ಲೋಹ, ವಿದ್ಯುತ್ತು ಮುಂತಾದುವನ್ನು ಕುರಿತು ಅಲ್ಲಿ ನಡೆದಿರುವ ಸಂಶೋಧನೆಗಳನ್ನು ನಮ್ಮ ಓದುಗರು ಕೇಳಿ ಬಲ್ಲರು. ಆದರೆ ಸಾಮಾನ್ಯ ಮನುಷ್ಯನು ವಾಸಿಸುವ ಮನೆ ಹೇಗಿರಬೇಕು, ಅದನ್ನು ಯಾವುದರಿಂದ ಕಟ್ಟಬೇಕು ಎಂಬ ಪ್ರಶ್ನೆಗೂ ಈ ಆವರಣಕ್ಕೂ ನಿಕಟವಾದ ಸಂಬಂಧವಿದೆಯೆಂಬುದು ಅಷ್ಟಾಗಿ ತಿಳಿದಿರಲಾರದು. ಆ ಪ್ರಶ್ನೆ ಇಲ್ಲಿ ಎರಡು ಸಾರಿ ಎದ್ದಿತು: ಮೊದಲನೆಯ ಸಾರಿ 1940ರ ದಶಕದಲ್ಲಿ, ಬಿಸಿಲಿನ ರೂಪದಲ್ಲಿ, ಎರಡನೆಯ ಸಾರಿ 1970ರ ದಶಕದಲ್ಲಿ, ಬೆಂಕಿಯ ರೂಪದಲ್ಲಿ.

ಮನೆಗೂ ವಿಜ್ಞಾನಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮ್ಮಲ್ಲಿ ಮನೆ ಕಟ್ಟಿಸಲು ಹೊರಟವರು ಮೊದಲು ಜೋಯಿಸರಲ್ಲಿಗೆ ಹೋಗಿ ಆಯ ನೋಡಿಸುತ್ತಾರೆ. ಆಮೇಲೆ ಮೇಸ್ತ್ರಿಯನ್ನು ಕರೆದು ಉಳಿದುದನ್ನೆಲ್ಲ ಅವನಿಗೆ ಒಪ್ಪಿಸುತ್ತಾರೆ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಜೋಯಿಸರು ಹೇಳುತ್ತಾರೆಯೇ ಹೊರತು, ಮೇ ತಿಂಗಳ ನಡುಹಗಲಿನಲ್ಲಿ ಉತ್ತರದ ಗೋಡೆಯ ಮೇಲೂ ಬಿಸಿಲು ಬೀಳುತ್ತದೆಂದು ಹೇಳುವುದಿಲ್ಲ. ಸಾವಿರ ಇಟ್ಟಿಗೆಗೆ ಇಷ್ಟು ರೂಪಾಯಿ ಎಂದು ಮೇಸ್ತ್ರಿ ಲೆಕ್ಕ ಕೊಡುತ್ತಾನೆಯೇ ಹೊರತು, ಆ ಸಾವಿರ ಇಟ್ಟಿಗೆಯನ್ನು ಸುಡಲು ಎಷ್ಟು ಸೌದೆ ಉರಿಯಿತೆಂಬ ಲೆಕ್ಕ ಕೊಡುವುದಿಲ್ಲ. ಇವೆರಡೂ ಅಳೆಯಬಹುದಾದ ಸಂಗತಿಗಳು. ಅಳೆದು ನೋಡಿದಾಗ ಎರಡರಲ್ಲಿಯೂ ಆಶ್ಚರ್ಯಕರವಾದ ಫಲಗಳು ಹೊರಬೀಳುತ್ತವೆ.

ಬಿಸಿಲಿನ ಲೆಕ್ಕವನ್ನು ಇಲ್ಲಿ ಮೊದಲಿಗೆ ಕಟ್ಟಡಗಳಲ್ಲಿ ಬರೆದವರು ಓಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಇವರು ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಶಿಷ್ಯರಾಗಿ ಕಲಿತರು. 1933ರಲ್ಲಿ ಅವರಿಗೆ ಷಿಂಕೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಹಿಟ್ಲರನ ಸರ್ಕಾರ ಬಂದು, ಯೆಹೂದ್ಯರೆಂಬ ಕಾರಣಕ್ಕಾಗಿ ಕೆಲಸವೂ ಹೋಯಿತು. ದೇಶಬಿಟ್ಟು ಈಜಿಪ್ಟಿಗೆ ಹೋಗಿ, ಲುಡ್ವಿಗ್ ಬೋರ್ಖಾರ್ಟ್ ಎಂಬ ಪುರಾತತ್ತ್ವಜ್ಞರ ಬಳಿ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇನೆಂದರೆ ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆ! ಬಾಗಿಲೊಂದರ ಮೇಲೆ ಇಡೀ ಪ್ರಬಂಧವೇ ಎಂದು ನಗುವವರು ನಗಲಿ. ಸಾವಿರಾರು ವರ್ಷ ಹಿಂದಿನ ಬಡಗಿಯು ಮರದ ಹಲಗೆಗಳನ್ನು ಹೇಗೆ ಕೂಡಿಸಿದನು, ಬಾಗಿಲಿನ ಭಾರವನ್ನು ಯಾವುದರ ಮೇಲೆ ತಿರುಗಿಸಿದನು ಎಂದು ಬಿಡಿಸಿ ನೋಡಿದ ಕಣ್ಣು ಮುಂದೆ ಎಲ್ಲಿಗೆ ಹೋದರೂ ವಸ್ತುವನ್ನೂ ಹವೆಯನ್ನೂ ಮೊದಲು ನೋಡದೆ ಬಿಡಲಿಲ್ಲ.

ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಬಾರ್ನರು 1935-36ರಲ್ಲಿ ಇದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಕೆಲವು ತಿಂಗಳು ಇದ್ದು ಹೋಗಿದ್ದರು. ಅಳಿಯನು ಬಂದದ್ದು 1939ರಲ್ಲಿ. ಆಗ ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರು. ಕೋನಿಗ್ಸ್‌ಬರ್ಗರ್ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ 1948ರ ವರೆಗೆ ಇಲ್ಲಿ ದುಡಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರದು. ಇನ್‌ಸ್ಟಿಟ್ಯೂಟಿನ ವಿಮಾನಶಾಸ್ತ್ರ ವಿಭಾಗ, ಲೋಹಶಾಸ್ತ್ರ ವಿಭಾಗ, ಭೋಜನಶಾಲೆ ಮತ್ತು ಸಭಾಂಗಣಗಳ ನಕ್ಷೆಗಳೂ ಅವರವೇ. ಎರಡನೆಯ ಮಹಾಯುದ್ಧದ ಕಾಲವಾದುದರಿಂದ ಉಕ್ಕು ಸಿಮೆಂಟುಗಳಿಗೆ ಆಗ ಬಹಳ ಅಭಾವ. ಅಲಂಕಾರಕ್ಕೆ ಕೈಹಾಕದೆ, ನೆರಳಿನ ಅಳತೆ ಮತ್ತು ಗಾಳಿಯ ಓಟ ಇವುಗಳಿಂದಲೇ ಕಟ್ಟಡಕ್ಕೆ ರೂಪು ಕೊಡುವ ರೀತಿಯನ್ನು ಅವರು ಇಲ್ಲಿ ರೂಢಿಸಿಕೊಂಡರು. ಬಹುಕಾಲ ಯಾರೂ ವಿಶೇಷವಾಗಿ ಗಮನಿಸದಿದ್ದ ಈ ಕೆಲಸವನ್ನು ಇತ್ತೀಚೆಗೆ ವಾಸ್ತುಶಿಲ್ಪದ ಇತಿಹಾಸಕಾರರು ಹುಡುಕಿ ತೆಗೆಯುತ್ತಿದ್ದಾರೆ. ರೇಚೆಲ್ ಲೀ ಎಂಬ ವಿದುಷಿ 1933ರಿಂದ 1951ರ ವರೆಗಿನ ಅವರ ಜೀವನಕಾರ್ಯವನ್ನು ಕುರಿತು ಬರ್ಲಿನ್ನಿನಲ್ಲಿಯೇ ಮಹಾಪ್ರಬಂಧವನ್ನು ಬರೆದರು.

ಹಾಗಾದರೆ ನೆರಳಿನ ಅಳತೆ ಎಂದರೇನು? ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದಕಾರಣ ಸೂರ್ಯನು ವರ್ಷದಲ್ಲಿ ಎರಡು ಸಾರಿ ನಮ್ಮ ನೆತ್ತಿಯ ಮೇಲೆ ನೇರವಾಗಿ ಹಾದು ಹೋಗುತ್ತಾನೆ: ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ ನಡುಭಾಗದ ಆಚೆಗೆ ಇನ್ನೊಮ್ಮೆ. (ನಗರದಲ್ಲಿ 39.2 ಡಿಗ್ರಿ ಸೆಲ್ಷಿಯಸ್ ಉಷ್ಣತೆ ದಾಖಲಾದ 2016ರ ಆ ದಿನವೂ ಏಪ್ರಿಲ್ 24ರಂದೇ ಬಿದ್ದಿತ್ತು.) ಈ ಎರಡು ದಿನಗಳ ನಡುವಣ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯನು ನಮಗೆ ಉತ್ತರದಲ್ಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣದಲ್ಲಿ. ಜೂನ್ 21ರಂದು ಅವನು ನೆತ್ತಿಯಿಂದ ಉತ್ತರಕ್ಕೆ ಹತ್ತೂವರೆ ಡಿಗ್ರಿ ಮಾತ್ರ ವಾಲಿದರೆ, ಡಿಸೆಂಬರ್ 22ರಂದು ದಕ್ಷಿಣಕ್ಕೆ ಮೂವತ್ತಾರೂವರೆ ಡಿಗ್ರಿ ವಾಲುತ್ತಾನೆ.

ತ್ರಿಕೋನಮಿತಿಯನ್ನು ಓದಿದ ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲು ಹಿಡಿಯಬಹುದು. ಕಿಟಕಿಯ ಮೇಲೆ ಒಂದು ಮೀಟರ್ ಚಾಚಿದ ಸಜ್ಜ ಇದೆಯೆನ್ನಿ. ದಕ್ಷಿಣದ ಗೋಡೆಯಲ್ಲಿ, ಡಿಸೆಂಬರಿನ ಮಧ್ಯಾಹ್ನ, ಅದರ ನೆರಳು ಸಜ್ಜದಿಂದ ಕೆಳಕ್ಕೆ 1.35 ಮೀಟರ್ ಇಳಿಯುತ್ತದೆ. ಸಾಧಾರಣ ಕಿಟಕಿಗೆ ಅಷ್ಟು ಸಾಕು. ಉತ್ತರದ ಗೋಡೆಯಲ್ಲಿ, ಜೂನ್ ತಿಂಗಳ ಮಧ್ಯಾಹ್ನ, ಅದೇ ಸಜ್ಜದ ನೆರಳು ಐದು ಮೀಟರಿಗೂ ಮೀರುತ್ತದೆ. ಎಂದರೆ ಅಲ್ಲಿ ಒಂದು ಗೇಣಿನಷ್ಟು ಚಾಚಿದರೂ ಕಿಟಕಿಯು ನೆರಳಿನಲ್ಲಿಯೇ ಇರುತ್ತದೆ. ಇನ್ನು ಪಡುವಣ ಗೋಡೆಯನ್ನು ನೋಡಿ. ಮಾರ್ಚ್ 21ರ ಸಂಜೆ ನಾಲ್ಕು ಗಂಟೆಗೆ ಸೂರ್ಯನು ದಿಗಂತದಿಂದ 29 ಡಿಗ್ರಿ ಮಾತ್ರ ಮೇಲಿರುತ್ತಾನೆ; ಒಂದು ಮೀಟರ್ ಸಜ್ಜದ ನೆರಳು ಅರ್ಧ ಮೀಟರಿಗಿಂತ ಚೂರು ಹೆಚ್ಚು ಇಳಿಯುತ್ತದೆ, ಅಷ್ಟೆ. ಆ ಮೇಲೆ ಗಳಿಗೆ ಗಳಿಗೆಗೂ ಬಿಸಿಲು ಕಿಟಕಿಯೊಳಕ್ಕೆ ನುಗ್ಗುತ್ತ ಹೋಗುತ್ತದೆ. ಮೂಡಣ ಪಡುವಣಗಳಲ್ಲಿ ಸಜ್ಜದಿಂದ ಹೆಚ್ಚು ಪ್ರಯೋಜನವಿಲ್ಲ; ಅಲ್ಲಿ ಬೇಕಾದುದು ಮರ, ಮೊಗಸಾಲೆ, ಜಾಲಂಧ್ರ, ಇಲ್ಲವೆ ಕಿಟಕಿಯೇ ಇಲ್ಲದ ದಪ್ಪ ಗೋಡೆ. ಆದರೂ ಇಂದು ಹೆಬ್ಬಾಳ, ರವೀಂದ್ರನಾಥ ಟಾಗೋರ್ ನಗರಗಳ ಬೀದಿಗಳಲ್ಲಿ ನಡೆದು ನೋಡಿದರೆ ನಾಲ್ಕು ದಿಕ್ಕಿಗೂ ಒಂದೇ ಅಳತೆಯ ಸಜ್ಜ ಚಾಚಿರುವ ಮನೆಗಳೇ ಹೆಚ್ಚು. ಸೂರ್ಯನಿಗೆ ಇಷ್ಟೊಂದು ಸಮದೃಷ್ಟಿಯನ್ನು ತೋರಿಸುವುದು ಅನಾವಶ್ಯಕ.

ಮನೆಯ ಉದ್ದನೆಯ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರಬೇಕು ಎಂದು ಈ ಲೆಕ್ಕದಿಂದ ಹೊರಡುತ್ತದೆ. ಆದರೆ ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಬೀಸುವುದು ಪಡುವಣದಿಂದ, ಚಳಿಗಾಲದ್ದು ಮೂಡಣದಿಂದ. ಬಿಸಿಲಿಗೆ ಮುಚ್ಚಬೇಕಾದ ದಿಕ್ಕನ್ನೇ ಗಾಳಿಗೆ ತೆರೆಯಬೇಕಾಗಿ ಬಂದಾಗ ವಾಸ್ತುಶಿಲ್ಪಿಯ ನಿಜವಾದ ಪರೀಕ್ಷೆ ಮೊದಲಾಗುತ್ತದೆ. ಗೋಡೆಯ ದಪ್ಪವೂ ಒಂದು ಉಪಾಯ. ಒಂಬತ್ತಂಗುಲದ ಇಟ್ಟಿಗೆ ಗೋಡೆಯ ಹೊರಮೈಗೆ ತಗುಲಿದ ಬಿಸಿಯು ಒಳಮೈಗೆ ಬಂದು ಮುಟ್ಟಲು ಆರೇಳು ಗಂಟೆ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿ ಕಿಟಕಿಗಳನ್ನು ತೆರೆದಿಡಬಹುದು. ಗಾಜಿನ ಗೋಡೆಗೆ ಇಂಥ ತಾಳ್ಮೆಯಿಲ್ಲ. ಇಂಥ ವಿಚಾರಗಳನ್ನೆಲ್ಲ ಕೋನಿಗ್ಸ್‌ಬರ್ಗರ್ ಮುಂದೆ ಲಂಡನ್ನಿನಲ್ಲಿ ಶಾಸ್ತ್ರವಾಗಿಯೇ ಬೋಧಿಸಿದರು. ಅಲ್ಲಿಯ ವಾಸ್ತುಶಿಲ್ಪ ಶಾಲೆಯೊಂದರಲ್ಲಿ 1954ರಲ್ಲಿ ತೆರೆದ ಉಷ್ಣವಲಯದ ವಾಸ್ತುಶಿಲ್ಪ ವಿಭಾಗಕ್ಕೆ ಅವರು 1957ರಿಂದ ಮುಖ್ಯಸ್ಥರು. ಮೂವರು ಸಹೋದ್ಯೋಗಿಗಳೊಡನೆ ಅವರು 1970ರ ದಶಕದಲ್ಲಿ ಪ್ರಕಟಿಸಿದ ಕೈಪಿಡಿಯು ಉಷ್ಣದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಪಠ್ಯವಾಯಿತು.

ಆದರೆ ಬೆಂಗಳೂರಿಗೂ ಲಂಡನ್ನಿಗೂ ನಡುವೆ ದೆಹಲಿಯ ಒಂದು ಪ್ರಕರಣವಿದೆ. ಅದನ್ನು ಹೇಳದೆ ಮುಂದಿನ ಕಥೆಗೆ ಹೋಗುವಂತಿಲ್ಲ. 1947ರಲ್ಲಿ ದೇಶ ಇಬ್ಭಾಗವಾದಾಗ ಲಕ್ಷಾಂತರ ಜನರು ಮನೆಮಠಗಳನ್ನು ಕಳೆದುಕೊಂಡು ಬಂದರು. ಅವರಿಗೆ ಬೇಗನೆ ಸೂರು ಒದಗಿಸಬೇಕಾಗಿತ್ತು. 1948ರಲ್ಲಿ ಭಾರತ ಸರ್ಕಾರದ ಗೃಹನಿರ್ಮಾಣ ನಿರ್ದೇಶಕರಾದ ಕೋನಿಗ್ಸ್‌ಬರ್ಗರ್ ಬಟ್ಟೆಯಂತೆ, ಬೈಸಿಕಲ್ಲಿನಂತೆ ಮನೆಯನ್ನೂ ಕಾರ್ಖಾನೆಯಲ್ಲಿಯೇ ತಯಾರಿಸುವ ಯೋಜನೆಯಲ್ಲಿ ನಂಬಿಕೆಯಿಟ್ಟರು. ದೆಹಲಿಯಲ್ಲಿ ಸರ್ಕಾರಿ ಗೃಹ ಕಾರ್ಖಾನೆ ಎದ್ದಿತು. ಬ್ರಿಟನ್ನಿನಿಂದ ವಿಧಾನವನ್ನು ತರಿಸಿ, ಗಾಳಿಗುಳ್ಳೆಗಳಿಂದ ಹಗುರಮಾಡಿದ ನೊರೆಗಾಂಕ್ರೀಟಿನ ದೊಡ್ಡ ದೊಡ್ಡ ಹಲಗೆಗಳನ್ನು ಎರಕ ಹೊಯ್ದು, ಅವನ್ನು ಕೊಂಡೊಯ್ದು ಜೋಡಿಸಿ ಮನೆ ಮಾಡುವುದೆಂದು ಏರ್ಪಾಟು. ಹಲಗೆಗಳು ಬಿರುಕು ಬಿಟ್ಟವು. ಲೆಕ್ಕ ಹಾಕಿದ್ದ ಮನೆಗಳು ಲೆಕ್ಕದಲ್ಲಿಯೇ ಉಳಿದವು. ಪಾರ್ಲಿಮೆಂಟಿನಲ್ಲಿ ಟೀಕೆಯ ಸುರಿಮಳೆಯಾಯಿತು. 1951ರಲ್ಲಿ ಅವರು ಭಾರತವನ್ನು ಬಿಟ್ಟರು; ಕಾರ್ಖಾನೆಯು ಹೆಸರು ಬದಲಿಸಿಕೊಂಡು ಬೇರೆ ಬಗೆಯ ಕಾಂಕ್ರೀಟು ಸರಕುಗಳನ್ನು ಮಾಡುತ್ತ ಉಳಿಯಿತು.

ವಿಚಿತ್ರವೇನೆಂದರೆ, ಅದೇ 1948ರಲ್ಲಿ ದೆಹಲಿಯಿಂದ ಉತ್ತರಕ್ಕೆ ನೂರಿಪ್ಪತ್ತು ಕಿಲೋಮೀಟರ್ ಆಚೆಯ ಕರ್ನಾಲಿನಲ್ಲಿ ಇಂಥದೇ ನಿರಾಶ್ರಿತರಿಗಾಗಿ ಸುಮಾರು ನಾಲ್ಕು ಸಾವಿರ ಮನೆಗಳು ಎದ್ದು ನಿಂತವು. ಅವಕ್ಕೆ ಯಾವ ಕಾರ್ಖಾನೆಯೂ ಇರಲಿಲ್ಲ. ಅಲ್ಲಿಯ ಮಣ್ಣಿಗೇ ನೂರಕ್ಕೆ ಎರಡೂವರೆಯಷ್ಟು ಸಿಮೆಂಟು ಬೆರಸಿ, ಹಲಗೆಗಳ ನಡುವೆ ಸುರಿದು, ಧಮ್ಮಸು ಹಾಕಿ ಗೋಡೆ ಎಬ್ಬಿಸಿದ್ದರು. ಬಿಸಿಲನ್ನು ಅಷ್ಟು ಚೆನ್ನಾಗಿ ಓದಿದ ವಾಸ್ತುಶಿಲ್ಪಿಯು ಆ ಒಂದು ಗಳಿಗೆಯಲ್ಲಿ ಮಣ್ಣನ್ನು ಓದದೆ ಹೋದರೆಂದು ನಮಗೆ ಅನ್ನಿಸುತ್ತದೆ. ಕಾರ್ಖಾನೆಯ ಮನೆಗಳು ಬೇರೆಡೆಗಳಲ್ಲಿ ಯಶಸ್ವಿಯಾಗಿವೆ ಎಂಬುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಆದರೆ ಕೂಲಿಗೆ ಕೈಗಳೂ ಕಾಲಡಿಯಲ್ಲಿ ಮಣ್ಣೂ ಹೇರಳವಾಗಿದ್ದ, ಯಂತ್ರವೂ ಬಂಡವಾಳವೂ ದುರ್ಲಭವಾಗಿದ್ದ ಅಂದಿನ ಭಾರತಕ್ಕೆ ಕರ್ನಾಲಿನ ದಾರಿಯೇ ಹತ್ತಿರವಾಗಿತ್ತು.

ಮಣ್ಣಿನ ಕಟ್ಟಡ ನಮಗೆ ಹೊಸತೇನೂ ಅಲ್ಲ. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಕಟ್ಟಿಸಿದ ಕೋಟೆ ಮಣ್ಣಿನದೇ. ಅದರ ಒಂದು ಭಾಗವನ್ನು ಹೈದರಾಲಿಯು 1761ರಲ್ಲಿ ಕಲ್ಲಿನಿಂದ ಕಟ್ಟಿಸುವವರೆಗೂ ಊರನ್ನು ಕಾಯ್ದದ್ದು ಮಣ್ಣು. ಯಲಹಂಕ, ಹೆಬ್ಬಾಳಗಳ ಸುತ್ತಿನ ಹಳ್ಳಿಗಳಲ್ಲಿ ಕೆಮ್ಮಣ್ಣಿನ ಗೋಡೆ, ಮೇಲೆ ನಾಡಹೆಂಚು ಇಲ್ಲವೆ ಕಲ್ಲುಚಪ್ಪಡಿ ಇರುವ ಮನೆಗಳು ತಲೆತಲಾಂತರದಿಂದ ಇದ್ದವು. ಬೇಸಗೆಯಲ್ಲಿ ಅವುಗಳೊಳಗಿನ ತಂಪನ್ನು ಬಲ್ಲವರೇ ಬಲ್ಲರು. ಆದರೆ ಅವಕ್ಕೊಂದು ಶತ್ರುವಿದೆ: ನೀರು. ಸೋರುವ ಸೂರಿನ ಕೆಳಗಿನ ಗೋಡೆ, ನೀರು ಚಿಮ್ಮುವ ಬುಡ, ಗೆದ್ದಲು ಹಿಡಿದ ಮೂಲೆ, ಇಷ್ಟೇ ಸಾಕು. ವರ್ಷವರ್ಷವೂ ಮೆತ್ತಿ ಸಾರಿಸುವ ಕೈ ನಿಂತ ದಿನ ಮಣ್ಣಿನ ಮನೆ ಮಣ್ಣಾಗತೊಡಗುತ್ತದೆ. ಆದುದರಿಂದಲೇ ನಾಲ್ಕು ಕಾಸು ಕೂಡಿದವರು ಸುಟ್ಟ ಇಟ್ಟಿಗೆಗೆ ತಿರುಗಿದರು.

1974ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ವಿಜ್ಞಾನಿಗಳು ಕೂಡಿ, ಗ್ರಾಮಗಳಿಗಾಗಿ ವಿಜ್ಞಾನ ತಂತ್ರಜ್ಞಾನಗಳನ್ನು ಬಳಸುವ ಒಂದು ಕೇಂದ್ರವನ್ನು ತೆರೆದರು. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಸೇರಿ 'ಅಸ್ತ್ರ' ಎಂದಾಯಿತು. ಮುಂದಾಳು ಅಮೂಲ್ಯ ರೆಡ್ಡಿಯವರು. ವಿದ್ಯುತ್‌ರಸಾಯನಶಾಸ್ತ್ರದಲ್ಲಿ ಜಗತ್ತೇ ಬಲ್ಲ ಗ್ರಂಥದ ಸಹಲೇಖಕರಾಗಿದ್ದ ಅವರು ಹಳ್ಳಿಯ ಒಲೆ, ಸೌದೆ, ನೀರುಗಳ ಕಡೆಗೆ ತಿರುಗಿದ್ದು ಅನೇಕರಿಗೆ ವಿಸ್ಮಯವಾಗಿತ್ತು. ಹೊಗೆಯನ್ನು ಹೊರಗಟ್ಟಿ ಸೌದೆಯನ್ನು ಉಳಿಸುವ 'ಅಸ್ತ್ರ ಒಲೆ'ಯ ಹೆಸರನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಬಹುದು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅವರ ಪ್ರಯೋಗಕ್ಷೇತ್ರವಿದ್ದಿತು. ಈ ಕೇಂದ್ರದಲ್ಲಿ ಮನೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ಕೆ. ಎಸ್. ಜಗದೀಶ್, ಅವರೊಡನೆಯೂ ಆಮೇಲೆಯೂ ಅದನ್ನು ಬೆಳೆಸಿದವರು ಬಿ. ವಿ. ವೆಂಕಟರಾಮ ರೆಡ್ಡಿ. ಕೇಂದ್ರದ ಹೆಸರು ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂದಾಗಿದೆ.

ಅವರು ಎತ್ತಿದ ಪ್ರಶ್ನೆ ಸರಳವಾದುದು. ಸುಡದೆಯೇ ಮಣ್ಣನ್ನು ನೀರಿಗೆ ಕರಗದಂತೆ ಮಾಡಬಹುದೇ? ಉತ್ತರ ಹುಡುಕಲು ಮಣ್ಣೆಂದರೇನೆಂದು ಮೊದಲು ತಿಳಿಯಬೇಕು. ಮಣ್ಣಿನಲ್ಲಿ ಮರಳಿದೆ, ಹೂಳಿದೆ, ಜೇಡಿಯಿದೆ. ಜೇಡಿಯ ಕಣಗಳು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣವು, ಬಿಲ್ಲೆಗಳಂತೆ ಚಪ್ಪಟೆಯಾದುವು. ಹಸಿ ಮಣ್ಣಿಗೆ ಅಂಟು ಬರುವುದು ಈ ಜೇಡಿಯಿಂದಲೇ. ಒಣಗಿದಾಗ ಬಿರುಕು ಬಿಡುವುದೂ ನೆನೆದಾಗ ಉಬ್ಬುವುದೂ ಇದರಿಂದಲೇ. ಎಲ್ಲ ಜೇಡಿಯೂ ಒಂದೇ ಅಲ್ಲ. ಬೆಂಗಳೂರಿನ ಕೆಮ್ಮಣ್ಣಿನಲ್ಲಿರುವುದು ಬಹುಪಾಲು ಕೆಯೊಲಿನೈಟ್ ಎಂಬ ಖನಿಜ. ಅದರ ಪದರಗಳು ಬಿಗಿಯಾಗಿ ಕೂಡಿಕೊಂಡಿರುವುದರಿಂದ ನಡುವೆ ನೀರು ನುಗ್ಗಲಾರದು. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿರುವುದು ಮಾಂಟ್‌ಮೊರಿಲೊನೈಟ್. ಅದರ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಕೆಮ್ಮಣ್ಣಿಗೆ ಸಿಮೆಂಟು ಒಗ್ಗಿದರೆ ಎರೆಮಣ್ಣಿಗೆ ಸುಣ್ಣವೂ ಬೇಕಾಗುತ್ತದೆ.

ಸಿಮೆಂಟು ಹಿಡಿದು ಕಟ್ಟುವುದು ಮರಳಿನ ಕಣಗಳನ್ನು. ಜೇಡಿ ಹೆಚ್ಚಾದರೆ ಅದಕ್ಕೆ ಅಡ್ಡಿ. ನೂರರಲ್ಲಿ 65ಕ್ಕಿಂತ ಹೆಚ್ಚು ಮರಳು, 10ರಿಂದ 15 ಪಾಲು ಜೇಡಿ ಇರುವ ಮಣ್ಣು ಉತ್ತಮವೆಂದು ಪ್ರಯೋಗಗಳಿಂದ ಗೊತ್ತಾಯಿತು. ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಅದಕ್ಕಿಂತ ಹೆಚ್ಚಾಗಿರುವುದುಂಟು. ಆಗ ಮರಳನ್ನೋ ಕಲ್ಲುಪುಡಿಯನ್ನೋ ಸೇರಿಸಿ ಸರಿಮಾಡಬೇಕು. ಇದಕ್ಕೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟು, ಹದವಾದಷ್ಟೇ ನೀರು. ಆಮೇಲೆ ಅದುಮುವ ಕೆಲಸ. ಕೈಯಿಂದ ಅದುಮುವ ಇಂಥ ಯಂತ್ರವೊಂದನ್ನು 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ನಿರ್ಮಿಸಿದ್ದರು. ಅಸ್ತ್ರದವರು ನಮ್ಮ ಮಣ್ಣಿಗೂ ನಮ್ಮ ಆಳುಗಳಿಗೂ ತಕ್ಕಂತೆ 'ಅಸ್ತ್ರಂ' ಎಂಬ ಯಂತ್ರವನ್ನು ರೂಪಿಸಿದರು. ಅದರಲ್ಲಿರುವುದು ಮೊಣಕಾಲಿನಂತೆ ಮಡಚಿಕೊಳ್ಳುವ ಸನ್ನೆ. ಮಡಚಿದ ಮೊಣಕಾಲು ನೆಟ್ಟಗಾಗುತ್ತ ಬಂದಂತೆ ಬಲವು ಹಲವು ಪಟ್ಟು ಹೆಚ್ಚುತ್ತದೆ. ಮಣ್ಣು ಗಟ್ಟಿಯಾಗಿ ಎದುರೊತ್ತುವ ಕೊನೆಯ ಗಳಿಗೆಯಲ್ಲಿಯೇ ಅತ್ಯಧಿಕ ಬಲ ದೊರೆಯುವುದು ಇದರ ಜಾಣತನ. ಆದರೆ ನಮಗೆ ಯಂತ್ರಕ್ಕಿಂತಲೂ ಅದರ ಪಕ್ಕದಲ್ಲಿರುವ ತಕ್ಕಡಿಯೇ ಹೆಚ್ಚು ಮುಖ್ಯವಾಗಿ ತೋರುತ್ತದೆ. ಪ್ರತಿಯೊಂದು ಇಟ್ಟಿಗೆಗೂ ಮಣ್ಣನ್ನು ತೂಗಿಯೇ ಹಾಕಬೇಕು. ಅಚ್ಚಿನ ಗಾತ್ರ ಒಂದೇ, ಮಣ್ಣಿನ ತೂಕವೂ ಒಂದೇ ಆದರೆ ಸಾಂದ್ರತೆಯೂ ಒಂದೇ. ಸಾಂದ್ರತೆ ಒಂದೇ ಆದರೆ ಬಲವೂ ಹೆಚ್ಚು ಕಡಿಮೆ ಒಂದೇ. ತಕ್ಕಡಿಯನ್ನು ಮೂಲೆಗೆ ಸರಿಸಿ ಬುಟ್ಟಿಯ ಅಂದಾಜಿನಲ್ಲಿ ಹಾಕಿದ ದಿನ ಇಟ್ಟಿಗೆ ಕೆಡುತ್ತದೆ.

ಹೀಗೆ ಹೊರಬಂದ ಇಟ್ಟಿಗೆಯನ್ನು ನೆರಳಿನಲ್ಲಿ ಪೇರಿಸಿ ಮೂರು ನಾಲ್ಕು ವಾರ ನೀರು ಚಿಮುಕಿಸುತ್ತಿರಬೇಕು. ಆ ಮೇಲೆ ಅದನ್ನು ನೀರಿನಲ್ಲಿ ಮುಳುಗಿಸಿಟ್ಟು, ಹಸಿಯಾಗಿರುವಾಗಲೇ ಒತ್ತಿ ಮುರಿದರೆ ಚದರ ಸೆಂಟಿಮೀಟರಿಗೆ 30ರಿಂದ 40 ಕಿಲೋಗ್ರಾಮಿನಷ್ಟು ಭಾರವನ್ನು ತಾಳುತ್ತದೆ. ಎರಡಂತಸ್ತಿನ ಸಾಮಾನ್ಯ ಮನೆಯ ಗೋಡೆಯ ಬುಡದಲ್ಲಿ ಬೀಳುವ ಭಾರ ಎಷ್ಟು ಗೊತ್ತೇ? ಚದರ ಸೆಂಟಿಮೀಟರಿಗೆ ಎರಡು ಮೂರು ಕಿಲೋ ಮಾತ್ರ. ಇಟ್ಟಿಗೆಗಿಂತ ಗಾರೆ ಸೇರಿದ ಗೋಡೆಯ ಬಲ ಕಡಿಮೆಯೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಬೇಕಾದಷ್ಟು ಉಳಿಯುತ್ತದೆ. ಮಣ್ಣಿನ ಇಟ್ಟಿಗೆಗಳಿಗೆ ಭಾರತೀಯ ಮಾನಕವೊಂದಿದ್ದು, ಅದು 2013ರಲ್ಲಿ ಪರಿಷ್ಕೃತವಾಯಿತು.

ಇನ್ನು ಬೆಂಕಿಯ ಲೆಕ್ಕಕ್ಕೆ ಬರೋಣ. ಇಟ್ಟಿಗೆಯ ಗೂಡಿನಲ್ಲಿ ಉಷ್ಣತೆ ಸುಮಾರು 900ರಿಂದ 1000 ಡಿಗ್ರಿಗೆ ಏರುತ್ತದೆ. ಆಗ ಜೇಡಿಯ ಖನಿಜದಲ್ಲಿ ರಾಸಾಯನಿಕವಾಗಿ ಬಂಧಿತವಾಗಿದ್ದ ನೀರು ಹೊರಟುಹೋಗಿ, ಕಣಗಳು ಒಂದಕ್ಕೊಂದು ಬೆಸೆದುಕೊಂಡು, ಮತ್ತೆಂದಿಗೂ ಮಣ್ಣಾಗದ ಹೊಸ ವಸ್ತುವಾಗುತ್ತದೆ. ಇದಕ್ಕೆ ತಗಲುವ ಶಕ್ತಿಯನ್ನು ಜಗದೀಶ್ ಮತ್ತು ವೆಂಕಟರಾಮ ರೆಡ್ಡಿಯವರು ಅಳೆದು 2003ರಲ್ಲಿ ಪ್ರಕಟಿಸಿದರು: ಇಟ್ಟಿಗೆಯೊಂದಕ್ಕೆ ಸರಾಸರಿ 4.25 ಮೆಗಾಜೂಲ್. ಒಣ ಸೌದೆಯ ಒಂದು ಕಿಲೋ ಉರಿದರೆ ಸುಮಾರು 16 ಮೆಗಾಜೂಲ್ ಶಕ್ತಿ ದೊರೆಯುತ್ತದೆಂದು ಹಿಡಿದರೆ, ಪ್ರತಿಯೊಂದು ಇಟ್ಟಿಗೆಯ ಹಿಂದೆಯೂ ಕಾಲು ಕಿಲೋಗಿಂತ ಹೆಚ್ಚು ಸೌದೆಯಿದೆ. 20,000 ಇಟ್ಟಿಗೆ ಹಿಡಿಯುವ ಮನೆಯ ಹಿಂದೆ ಐದು ಟನ್ನು! ಆ ಮನೆಯಲ್ಲಿ ಒಲೆ ಹಚ್ಚುವುದಕ್ಕೆ ಮೊದಲೇ ಅಷ್ಟು ಸೌದೆ ಉರಿದಿರುತ್ತದೆ.

ಮಣ್ಣಿನ ಇಟ್ಟಿಗೆಯ ಲೆಕ್ಕ ಹೇಗೆ? 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಒಂದು ಇಟ್ಟಿಗೆ ಸುಮಾರು 8 ಕಿಲೋ ತೂಗುತ್ತದೆ. ನೂರಕ್ಕೆ 6 ಪಾಲಿನಂತೆ ಅದರಲ್ಲಿ ಸಿಮೆಂಟು ಅರ್ಧ ಕಿಲೋಗೂ ಕಡಿಮೆ. ಸಿಮೆಂಟೂ ಬೆಂಕಿಯ ಕೂಸೇ. ಕಿಲೋ ಒಂದಕ್ಕೆ 5.85 ಮೆಗಾಜೂಲ್ ಬೇಕು. ಎಲ್ಲ ಸೇರಿ ಒಂದು ಮಣ್ಣಿನ ಇಟ್ಟಿಗೆಗೆ 2.60 ಮೆಗಾಜೂಲ್ ಆಗುತ್ತದೆ. ಆದರೆ ಇದರ ಗಾತ್ರ ಸುಟ್ಟ ಇಟ್ಟಿಗೆಯ ಎರಡೂವರೆ ಪಟ್ಟಿಗೂ ಹೆಚ್ಚು. ಗಾತ್ರ ಸಮಮಾಡಿ ನೋಡಿದರೆ ಸುಟ್ಟ ಇಟ್ಟಿಗೆಯ 4.25ಕ್ಕೆ ಎದುರಾಗಿ ಇದರದು ಕೇವಲ 1! ಎಂದರೆ ಕಾಲುಭಾಗಕ್ಕಿಂತಲೂ ಕಡಿಮೆ.

ಗೋಡೆಯಂತೆ ಚಾವಣಿಗೂ ಇಂಥ ಉಪಾಯವಿದೆ. ಕಾಂಕ್ರೀಟು ತಾರಸಿಯು ಭಾರಕ್ಕೆ ಬಾಗುವಾಗ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಎಳೆತವನ್ನು ಹೊರುವುದು ಕಂಬಿ. ಅಲ್ಲಿಯ ಕಾಂಕ್ರೀಟು ಬಹುಮಟ್ಟಿಗೆ ಸುಮ್ಮನೆ ತುಂಬಿಕೊಂಡಿರುತ್ತದೆ. ಆ ಜಾಗದಲ್ಲಿ ಹೆಂಚುಗಳನ್ನು ಇಟ್ಟು ಎರಕ ಹೊಯ್ದರೆ ಸಿಮೆಂಟೂ ಉಳಿಯಿತು, ಭಾರವೂ ಇಳಿಯಿತು. ಕೇರಳದಲ್ಲಿ ಲಾರಿ ಬೇಕರ್ ಈ ವಿಧಾನವನ್ನು ಬಹಳವಾಗಿ ಬಳಸಿದರು. ಬೆಂಗಳೂರಿನ ಕಟ್ಟಡಗಳನ್ನಿಟ್ಟುಕೊಂಡು ಮೇಲಿನ ಇಬ್ಬರು ವಿಜ್ಞಾನಿಗಳು ಮಾಡಿದ ಹೋಲಿಕೆಯ ಪ್ರಕಾರ, ಕಾಂಕ್ರೀಟು ಕಂಬತೊಲೆಗಳ ಬಹುಮಹಡಿ ಕಟ್ಟಡದ ಚದರ ಮೀಟರ್ ಒಂದಕ್ಕೆ ತಗಲಿದ ಶಕ್ತಿ 4.2 ಗಿಗಾಜೂಲ್, ಸುಟ್ಟ ಇಟ್ಟಿಗೆ, ಕಾಂಕ್ರೀಟು ತಾರಸಿಯ ಎರಡಂತಸ್ತಿನ ಮನೆಗೆ 2.9, ಮಣ್ಣಿನ ಇಟ್ಟಿಗೆ, ಹೆಂಚು ತುಂಬಿದ ತಾರಸಿಯ ಎರಡಂತಸ್ತಿನ ಮನೆಗೆ 1.6. (ಒಂದು ಗಿಗಾಜೂಲ್ ಎಂದರೆ ಸಾವಿರ ಮೆಗಾಜೂಲ್.) ನೂರು ಚದರ ಮೀಟರಿನ ಸಾಧಾರಣ ಮನೆಯಲ್ಲಿ ಕೊನೆಯ ಎರಡರ ವ್ಯತ್ಯಾಸವೇ ಎಂಟು ಟನ್ನು ಸೌದೆಗೆ ಸಮ.

ಇಷ್ಟು ಗುಣಗಳಿದ್ದರೂ ಎಲ್ಲರೂ ಏಕೆ ಇದನ್ನು ಬಳಸುವುದಿಲ್ಲ? ಸಾವಿರಾರು ಕಟ್ಟಡಗಳು ಎದ್ದಿವೆ, ನಿಜ. ಆದರೆ ಊರಿನ ಬೆಳವಣಿಗೆಯ ಮುಂದೆ ಅದು ಅಲ್ಪ. ಕಾರಣಗಳಲ್ಲಿ ಕೆಲವು ನ್ಯಾಯವಾದುವು. ಮಣ್ಣು ಊರಿಂದೂರಿಗೆ, ಕೆಲವೊಮ್ಮೆ ನಿವೇಶನದಿಂದ ನಿವೇಶನಕ್ಕೆ ಬೇರೆ. ಪರೀಕ್ಷೆಯಿಲ್ಲದೆ ಮಾಡಿದ ಇಟ್ಟಿಗೆ ಎರಡು ಮಳೆಗಾಲಕ್ಕೆ ಅಂಚು ಉದುರಿಸಿಕೊಂಡು ಹೆಸರು ಕೆಡಿಸುತ್ತದೆ. ಮರಳು ದುರ್ಲಭವಾಗಿದೆ. ಹತ್ತಾರು ಅಂತಸ್ತಿಗೆ ಇದರ ಗೋಡೆ ಭಾರ ಹೊರಲಾರದು, ನಗರದ ನೆಲಕ್ಕೋ ಬೆಲೆ ಏರಿದಂತೆಲ್ಲ ಅಂತಸ್ತು ಏರಲೇಬೇಕು. ಇನ್ನೊಂದು ಕಾರಣ ವಿಜ್ಞಾನಕ್ಕೆ ಸೇರಿದುದಲ್ಲ. ಮಣ್ಣಿನ ಮನೆಯೆಂದರೆ ಬಡವರ ಮನೆ ಎಂಬ ಭಾವನೆ. ಸುಖದಲ್ಲಿದ್ದವರು ಹವ್ಯಾಸಕ್ಕಾಗಿ ಮಣ್ಣಿನ ಮನೆ ಕಟ್ಟಿಕೊಳ್ಳುತ್ತಾರೆ; ಬಡವನು ಸಾಲ ಮಾಡಿಯಾದರೂ ಸುಟ್ಟ ಇಟ್ಟಿಗೆಯನ್ನೇ ಬಯಸುತ್ತಾನೆ. ಅವನನ್ನು ದೂರುವಂತಿಲ್ಲ, ಮಳೆಗೆ ಕುಸಿದ ಗೋಡೆಯ ನೆನಪು ಅವನದು, ನಮ್ಮದಲ್ಲ.

ಈಗ ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದಿರುವ, ಏಳುತ್ತಿರುವ ಕಟ್ಟಡಗಳನ್ನು ನೆನೆಯಿರಿ. ನೆಲಮಾಳಿಗೆಗಾಗಿ ತೋಡಿದ ಮಣ್ಣು ಲಾರಿಗಳಲ್ಲಿ ಹೊರಕ್ಕೆ ಹೋಗುತ್ತದೆ; ಇಟ್ಟಿಗೆಯೋ ಕಾಂಕ್ರೀಟು ದಿಮ್ಮಿಯೋ ಲಾರಿಗಳಲ್ಲಿ ಒಳಕ್ಕೆ ಬರುತ್ತದೆ. ನೂರು ಚದರ ಮೀಟರ್ ವಿಸ್ತಾರದ, ಮೂರು ಮೀಟರ್ ಆಳದ ಒಂದು ಗುಂಡಿಯಿಂದ ಮುನ್ನೂರು ಘನಮೀಟರ್ ಮಣ್ಣು ಬರುತ್ತದೆ. ಘನಮೀಟರಿಗೆ 1.6 ಟನ್ನು ಎಂದರೂ ಅದು 480 ಟನ್ನು. ಮರಳೂ ಸಿಮೆಂಟೂ ಹೊರತಾಗಿ ಇಟ್ಟಿಗೆಯೊಂದಕ್ಕೆ 5 ಕಿಲೋ ಮಣ್ಣು ಹಿಡಿಯುವುದಾದರೆ 96,000 ಮಣ್ಣಿನ ಇಟ್ಟಿಗೆಗಳಾದುವು. ನಾವು ಮೇಲೆ ಹೇಳಿದ 20,000 ಸುಟ್ಟ ಇಟ್ಟಿಗೆಯ ಮನೆಗೆ ಇವು 7,700ರಷ್ಟು ಸಾಕು. ಒಂದು ಗುಂಡಿಯ ಮಣ್ಣಿನಲ್ಲಿ ಹನ್ನೆರಡು ಮನೆಗಳ ಗೋಡೆಯಿದೆ.

ಆ ಮಣ್ಣು ತಕ್ಕದ್ದೋ ಅಲ್ಲವೋ ಎಂದು ತಿಳಿಯುವ ಮೊದಲ ಪರೀಕ್ಷೆಗೆ ಪ್ರಯೋಗಶಾಲೆ ಬೇಕಾಗಿಲ್ಲ. ನಮ್ಮ ಓದುಗರೇ ಮಾಡಿ ನೋಡಬಹುದು. ಬಾಯಗಲವಾದ ಒಂದು ಗಾಜಿನ ಸೀಸೆಯನ್ನು ತೆಗೆದುಕೊಳ್ಳಿ. ಬೇರು ಕಸಗಳಿರುವ ಮೇಲ್ಮಣ್ಣನ್ನು ಬಿಟ್ಟು, ಒಂದು ಮೊಳ ಕೆಳಗಿನ ಮಣ್ಣನ್ನು ಪುಡಿಮಾಡಿ ಸೀಸೆಯ ಮೂರರಲ್ಲಿ ಒಂದು ಭಾಗಕ್ಕೆ ತುಂಬಿ, ಉಳಿದುದಕ್ಕೆ ನೀರು ಹೊಯ್ದು, ಚಿಟಿಕೆ ಉಪ್ಪು ಹಾಕಿ, ಮುಚ್ಚಳವನ್ನು ಬಿಗಿದು ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಒಂದು ನಿಮಿಷದೊಳಗೆ ತಳಕ್ಕೆ ಇಳಿಯುವುದು ಮರಳು; ಮುಂದಿನ ಗಂಟೆಯಲ್ಲಿ ಹೂಳು; ಮಾರನೆಯ ದಿನ ನೀರು ತಿಳಿಯಾದಾಗ ಎಲ್ಲಕ್ಕೂ ಮೇಲೆ ಕೂತಿರುವ ನುಣುಪಾದ ಪದರವೇ ಜೇಡಿ. ಅಳತೆಪಟ್ಟಿಯಿಂದ ಮೂರು ಪದರಗಳನ್ನೂ ಅಳೆಯಿರಿ. ಜೇಡಿಯು ನೀರಿನಲ್ಲಿ ಉಬ್ಬಿರುವುದರಿಂದ ಅದರ ಪಾಲು ಇರುವುದಕ್ಕಿಂತ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ, ಅದನ್ನು ಬಿಟ್ಟು ಲೆಕ್ಕ ಹಾಕಬೇಕು. ಮರಳಿನ ಪದರ ಒಟ್ಟು ಎತ್ತರದ ಮೂರರಲ್ಲಿ ಎರಡು ಪಾಲಿದ್ದರೆ ಮಣ್ಣು ಹಾಗೆಯೇ ಇಟ್ಟಿಗೆಗೆ ಸಲ್ಲುತ್ತದೆ. ಅರ್ಧವೇ ಇದ್ದರೆ ಎಷ್ಟು ಮರಳನ್ನು ಬೆರಸಬೇಕೆಂಬುದನ್ನು ಅದೇ ಅಳತೆಯಿಂದ ಕಂಡುಹಿಡಿಯಬಹುದು.